ಐನೂರು ವರ್ಷ ಒಪ್ಪದ ಮೇಡಮ್ಮ

ನಮ್ಮ ಮೇಡಮ್ಮೋರು ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದಾರೆ. ಅವರು ಕೂರುತ್ತಿದ್ದ ಕುರ್ಚಿಯಲ್ಲಿ ಇನ್ನು ಮೇಲೆ ಕೂರುವವಳು ನನ್ನ ಮೊಮ್ಮಗಳು ಚೈತ್ರ. ಮೊದಲು ಇದನ್ನು ಹೇಳಿಬಿಡುತ್ತೇನೆ. ಹೊಟ್ಟೆಯೊಳಗೆ ಇಟ್ಟುಕೊಂಡರೆ ಬೇರೆ ಏನನ್ನೂ ಬರೆಯಲು ಆಗುವುದಿಲ್ಲ. ಸುದ್ದಿ ಬಂದ ದಿನದಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಹಾಲಿನ ಡೈರಿಯಲ್ಲಿ ಹೇಳಿದೆ. ಹೊಸಕೋಟೆಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ತಮಿಳಿನವಳು, ಪಾಪ, ಏನು ಅರ್ಥವಾಯಿತೋ, ನನ್ನ ಕೈ ಹಿಡಿದುಕೊಂಡು ನಕ್ಕಳು.

ಮೇಡಮ್ಮೋರ ಸಂಸ್ಥೆಯವರು ಪುಸ್ತಕ ತರುತ್ತಿದ್ದಾರೆ, ಅವರ ಬಗ್ಗೆ ಊರಿನವರು ಯಾರಾದರೂ ಬರೆಯಬೇಕು ಎಂದರು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಚೈತ್ರ ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ನಾನು ಮೊದಲೇ ಹೇಳಿದ್ದೆ.

ಮೇಡಮ್ಮೋರ ಹೆಸರು ಈ ಬರಹದಲ್ಲಿ ಇರುವುದಿಲ್ಲ. ಅದು ಅವರದೇ ಕಟ್ಟುನಿಟ್ಟು. “ಹೇಳಿದವರ ಹೆಸರು ಗೋಡೆ ಮೇಲಿರಬೇಕು ಅಕ್ಕ, ಕೇಳಿಸಿಕೊಂಡವರದ್ದು ಯಾತಕ್ಕೆ?” ಎನ್ನುತ್ತಾರೆ. ಅವರ ಮಾತು ಮೀರುವಷ್ಟು ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ.

ಅವರ ಸಂಸ್ಥೆ ಇರುವುದು ಹೊಸಕೋಟೆ ಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿ, ಬಾಡಿಗೆ ಮನೆಯಲ್ಲಿ. ಹೊರಗಿನಿಂದ ನೋಡಿದರೆ ಟೈಲರ್ ಅಂಗಡಿ ಅಂದುಕೊಳ್ಳಬೇಕು. ಒಳಗೆ ಹೋದರೆ ನಡುಮನೆಯ ಗೋಡೆಗಳ ತುಂಬ, ನೆಲದಿಂದ ಸೂರಿನವರೆಗೆ, ನಮ್ಮ ಸೀಮೆಯ ಕೆರೆ, ಕಾಲುವೆ, ತೋಪು, ಬಾವಿಗಳ ಕತೆ. ಯಾವ ಕೆರೆಯ ಹೂಳನ್ನು ಯಾರು ಎತ್ತಿದರು, ಯಾವ ತೋಪು ಯಾವಾಗ ಹೋಯಿತು, ಯಾವ ಬಯಲಿಗೆ ಯಾವ ಹಕ್ಕಿ ಬರುತ್ತಿತ್ತು, ಅದನ್ನು ಯಾರು ಕಾಯುತ್ತಿದ್ದರು. ಪ್ರತಿಯೊಂದರ ಕೆಳಗೂ ಹೇಳಿದವರ ಫೋಟೋ. ಗುಂಡಿ ಒತ್ತಿದರೆ ಕೆಲವರ ದನಿಯೂ ಕೇಳುತ್ತದೆ. ತೀರಿಹೋದ ಗಂಡನ ದನಿ ಕೇಳಲು ಒಬ್ಬಾಕೆ ಸಂತೆಗೆ ಬಂದಾಗಲೆಲ್ಲ ಅಲ್ಲಿಗೆ ಹೋಗುತ್ತಾಳಂತೆ. “ಮನೇಲಿ ಇದ್ದಾಗ ಇಷ್ಟು ಚೆನ್ನಾಗಿ ಒಂದ್ ದಿನಾನೂ ಮಾತಾಡ್ಲಿಲ್ಲ ನೋಡಮ್ಮ,” ಎಂದು ಬೈದುಕೊಂಡೇ ಕೇಳುತ್ತಾಳಂತೆ.

ಮೇಡಮ್ಮೋರು ಉದ್ದಕ್ಕೆ, ಸಣ್ಣಕ್ಕೆ ಇದ್ದಾರೆ. ನೂಲಿನ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತಾರೆ. ಕೈಯಲ್ಲಿ ಗಂಡಸರ ಕಪ್ಪು ಛತ್ರಿ. ಬಿಸಿಲಿಗೂ ಅದೇ, ನಾಯಿಗೂ ಅದೇ. ಮೊದಲು ಬೆಂಗಳೂರಿನಲ್ಲಿ ಕಾಲೇಜು ಪಾಠ ಹೇಳುತ್ತಿದ್ದವರು, ಅದನ್ನು ಬಿಟ್ಟು ಇಲ್ಲಿಗೆ ಬಂದರು. ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, “ಅಲ್ಲಿ ನಾನು ಮಾತಾಡೋದೇ ಕೆಲಸ ಆಗಿತ್ತು, ಸಾಕಾಯ್ತು,” ಎಂದರು.

ಅವರು ದೇವರಂಥವರು ಎಂದು ನಾನು ಬರೆಯುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚಿಲ್ಲರೆ ವಿಚಾರಕ್ಕೆ ಕಂಡಕ್ಟರುಗಳ ಜೊತೆ ಜಗಳವಾಡುತ್ತಾರೆ. ಹೊಗಳಿಕೆ ಅವರ ಬಾಯಿಂದ ಬರುವುದು ಅಪರೂಪ. ಇನ್ನೊಂದು, ಅವರಿಗೆ ಮುದ್ದೆ ಉಣ್ಣಲು ಬರುವುದಿಲ್ಲ. ಅವರೆಕಾಯಿ ಕಾಲದಲ್ಲಿ ಹಿಚುಕಿದಬೇಳೆ ಸಾರು ಅಂದರೆ ಎಲ್ಲಿದ್ದರೂ ಬಂದುಬಿಡುತ್ತಾರೆ, ಆದರೆ ಮುದ್ದೆಯನ್ನು ನುಂಗುವ ಬದಲು ಅಗಿಯುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಸಲ ಉಂಡಾಗ ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು, “ಅಯ್ಯಯ್ಯೋ, ಮುದ್ದೆ ಅಗೀತಾವ್ರೆ ನೋಡ್ರೇ!” ಎಂದು ನಕ್ಕರು. ಅವರು ತಲೆ ಎತ್ತಲಿಲ್ಲ. “ನನ್ನ ಹಲ್ಲು, ನನ್ನ ಮುದ್ದೆ,” ಎಂದು ಪೂರ್ತಿ ಅಗಿದೇ ಮುಗಿಸಿದರು.

ಅವರ ಕೆಲಸದ ರೀತಿಯೇ ಬೇರೆ. ಯಾರ ಮಾತನ್ನೂ ಮನೆಯೊಳಗೆ ಕೂತು ಬರೆದುಕೊಳ್ಳುವುದಿಲ್ಲ. ಕೆರೆಯ ಮಾತಾದರೆ ಕೆರೆಯ ಹತ್ತಿರ, ಬಾವಿಯ ಮಾತಾದರೆ ಬಾವಿಯ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಆ ಜಾಗ ಈಗ ಇಲ್ಲದಿದ್ದರೂ ಅಷ್ಟೇ. ಪಕ್ಕದೂರಿನ ಒಬ್ಬ ಮುದುಕರ ಕೆರೆ ಈಗ ಗೋಡೌನುಗಳ ಕಾಂಪೌಂಡಿನೊಳಗೆ ಸೇರಿಹೋಗಿದೆ. ಮೇಡಮ್ಮೋರು ಅವರನ್ನು ಆ ಗೇಟಿಗೇ ಕರೆದುಕೊಂಡು ಹೋದರಂತೆ. ಆಗ ನಡೆದ ಮಾತನ್ನು ಚೈತ್ರ ಅವರ ಹಾಗೇ ಮುಖ ಮಾಡಿಕೊಂಡು ಹೇಳುತ್ತಾಳೆ.

“ಒಳಗೆ ಯಾರ್ನೂ ಬಿಡಂಗಿಲ್ಲ ಮೇಡಂ,” ಎಂದ ಗೇಟಿನ ಸೆಕ್ಯೂರಿಟಿ.

“ಗೋಡೌನಿಗೆ ಬರ್ತಿಲ್ಲಪ್ಪ. ಕೆರೆ ತೂಬಿನ ಹತ್ತಿರ ಹೋಗ್ತಿದ್ದೀವಿ.”

“ಇಲ್ಲೆಲ್ಲೈತೆ ತೂಬು? ಅದು ಎಂಟನೇ ನಂಬರ್ ಶೆಡ್ಡು.”

“ಹಾಗಾದ್ರೆ ಎಂಟನೇ ನಂಬರ್ ಶೆಡ್ಡಿಗೇ ಬಿಡು. ಗದ್ದೆಗೆ ನೀರು ಬಿಡ್ತಿದ್ದ ತೂಬು ಅದರ ಕೆಳಗೇ ಇದೆ. ಇವರು ಈಜು ಕಲಿತಿದ್ದು ಅಲ್ಲೇ. ನಿಂಗೆ ಕಾಣ್ತಿಲ್ಲ, ಅವರಿಗೆ ಕಾಣುತ್ತೆ.”

ಅವನು ನಗುತ್ತಾ ಗೇಟು ತೆಗೆದನಂತೆ. ಮನೆಯಲ್ಲಿ ಕೇಳಿದಾಗ “ಏನೂ ಗ್ಯಾಪಕ ಇಲ್ಲ ಬಿಡಮ್ಮ” ಎಂದಿದ್ದ ಆ ಮುದುಕರು ಶೆಡ್ಡಿನ ತಗಡಿನ ಪಕ್ಕದಲ್ಲಿ ನಿಂತು ಗಂಟಲು ಒಣಗುವ ತನಕ ಮಾತಾಡಿದರಂತೆ. ಕೊನೆಗೆ ನೀರು ತಂದುಕೊಟ್ಟವನು ಆ ಸೆಕ್ಯೂರಿಟಿಯೇ. “ಆಮೇಲೆ ಏನಾಯ್ತು ತಾತ?” ಎಂದು ಅವನೂ ಕೇಳುತ್ತಾ ನಿಂತಿದ್ದನಂತೆ.

ಇನ್ನೊಂದು ರೀತಿ ಎಂದರೆ, ಬರೆದದ್ದನ್ನು ಆ ಊರಿನಲ್ಲೇ ಎಲ್ಲರ ಎದುರು ಗಟ್ಟಿಯಾಗಿ ಓದದೆ ಗೋಡೆಗೆ ಹಾಕುವುದಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂರುತ್ತಾರೆ. ಅದು ಜಗಳಕ್ಕೆ ಕರೆದಂತೆ. ತಪ್ಪಿದ್ದರೆ ಈಗಲೇ ಹೇಳಿ ಎಂದು ಅರ್ಥ. ಮುಂದೆ ಕೂತವರ ಕಡೆಗೆ ನೋಡುವುದಿಲ್ಲ, ಹಿಂದೆ ನಿಂತವರ ಮುಖಗಳನ್ನೇ ನೋಡುತ್ತಾರೆ. ಒಂದೂರಲ್ಲಿ, ಈ ಕೆರೆ ರಾಜರು ಕಟ್ಟಿಸಿದ್ದು ಎಂದು ಯಜಮಾನರೊಬ್ಬರು ಹೇಳಿದರಂತೆ. “ಕಟ್ಟಿಸಿದ್ದು ರಾಜರು. ಮಣ್ಣು ಹೊತ್ತವರು ಯಾರು?” ಎಂದು ಕೇಳಿ, ಅದಕ್ಕೆ ಉತ್ತರ ಸಿಗುವವರೆಗೂ ಮತ್ತೆ ಮತ್ತೆ ಆ ಊರಿಗೆ ಹೋಗುತ್ತಿದ್ದರಂತೆ.

ನಮ್ಮೂರಿಗೂ ಅವರಿಗೂ ನಂಟು ಬೆಳೆದದ್ದು ತೋಪಿನಿಂದ.

ನಮ್ಮೂರು ಸಮೇತನಹಳ್ಳಿ ಕಡೆಗಿದೆ. ಊರ ಮುಂದೆ, ಕೆರೆಯ ದಾರಿಯಲ್ಲಿ, ಊರಿಗೆಲ್ಲ ಸೇರಿದ ಗುಂಡುತೋಪು. ನೇರಳೆ, ಹುಣಸೆ, ಮಾವು. ಕೆರೆ ಒಣಗಿದೆ, ತೋಪು ಮಾತ್ರ ತಣ್ಣಗಿದೆ. ಗೋಡೌನುಗಳು ಬಂದು ಲಾರಿಗಳು ಹೆಚ್ಚಿದ ಮೇಲೆ ರಸ್ತೆ ಅಗಲ ಮಾಡುತ್ತಾರೆ ಎಂಬ ಸುದ್ದಿ ಬಂತು. ಸುದ್ದಿಯ ಹಿಂದೆಯೇ ಯಾರೋ ಬಂದು ರಸ್ತೆ ಕಡೆಯ ಸಾಲಿನ ಮರಗಳಿಗೆಲ್ಲ ಕೆಂಪು ಬಣ್ಣ ಬಳಿದು ಹೋದರು.

ನನ್ನ ಮೈದುನನ ಮಗ ಮಂಜ ಪಂಚಾಯಿತಿ ಮೆಂಬರು. ಒಳ್ಳೆಯವನು, ಬಾಯಿ ಸ್ವಲ್ಪ ಜಾಸ್ತಿ. ಮರ ಹತ್ತಲು ಕಲಿತದ್ದು, ಬಿದ್ದು ಕೈ ಮುರಿದುಕೊಂಡದ್ದು ಎಲ್ಲ ಅದೇ ತೋಪಿನಲ್ಲಿ. ಮರಗಳು ಹೋಗುತ್ತವೆ ಎಂದಾಗ ಅವನಿಗೆ ಊಟ ಸೇರಲಿಲ್ಲ. ಏನು ಮಾಡಿದನೆಂದರೆ, ಈ ತೋಪು ಪಾಳೇಗಾರರ ಕಾಲದ್ದು, ಐನೂರು ವರ್ಷ ಹಳೆಯದು ಎಂದು ಊರೆಲ್ಲ ಹೇಳಿಕೊಂಡು ಬಂದ. ನಮ್ಮ ಮುದುಕರು ಗೊತ್ತಿದ್ದೂ ಹೂಂ ಎಂದರು. ಮರ ಉಳಿದರೆ ಸಾಕಲ್ಲ ಎಂದು. ಮೇಡಮ್ಮೋರ ಸಂಸ್ಥೆ ಬರೆದುಕೊಟ್ಟರೆ ರಸ್ತೆ ಆಫೀಸಿನಲ್ಲಿ ಬೆಲೆ ಇದೆ ಎಂದು ಯಾರೋ ಹೇಳಿದರು. ಮಂಜ ಹೋಗಿ ಅವರನ್ನು ಕರೆದುಕೊಂಡು ಬಂದ.

ಮೇಡಮ್ಮೋರು ಗಂಡಸರು ಹೇಳಿದ್ದನ್ನೆಲ್ಲ ಬರೆದುಕೊಂಡರು. ಮುಂದಿನ ವಾರ ತೋಪಿನ ಕಟ್ಟೆಯ ಮೇಲೆ ಕೂತು ಓದಿದರು. ಗಂಡಸರು ಮುಂದೆ ಕೂತಿದ್ದರು, ನಾವು ಹೆಂಗಸರು ಹಿಂದೆ ನಿಂತಿದ್ದೆವು.

“ಮಾಲೂರು ಮರ. ಮಾಲೂರಿನ ಪಾಳೇಗಾರರು ಸ್ನೇಹದ ಗುರುತಿಗೆ ಕಳಿಸಿದ ಸಸಿ. ನಂದಗುಡಿ ಮರ. ನಂದಗುಡಿಯಿಂದ ಪಲ್ಲಕ್ಕಿಯಲ್ಲಿ ತಂದದ್ದು. ಘಾಟಿ ಮರ. ಪಾಳೇಗಾರರೊಬ್ಬರು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ತೀರಿಸಿ ಬರುವಾಗ ತಂದು ನೆಟ್ಟ ನೇರಳೆ. ವಯಸ್ಸು ಐನೂರು ವರ್ಷ.”

ನನ್ನ ಪಕ್ಕ ನಿಂತಿದ್ದ ನಂದಗುಡಿಯವಳು ಪಲ್ಲಕ್ಕಿ ಅಂದಾಗಲೇ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ಘಾಟಿ ಅಂದಾಗ ನನಗೂ ತಡೆಯಲಾಗಲಿಲ್ಲ. ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟೆವು.

ಮೇಡಮ್ಮೋರು ಕನ್ನಡಕ ತೆಗೆದರು. “ಯಾಕಕ್ಕ ನಕ್ಕಿದ್ದು?”

“ಏನಿಲ್ಲ ಮೇಡಮ್ಮ. ಆ ಘಾಟಿ ಮರ ಅಂದ್ರೆ ನಾನೇ.”

ಇದನ್ನು ಬಿಡಿಸಿ ಹೇಳಬೇಕು. ಹಳೆಯ ತೋಪಿನ ಮರಗಳನ್ನು ನಮ್ಮತ್ತೆಯ ಕಾಲದಲ್ಲಿ ಇಟ್ಟಿಗೆ ಗೂಡಿನವರಿಗೆ ಮಾರಿ ಬೋಳು ಮಾಡಿದ್ದರು. ಅದನ್ನು ನೋಡಿ ಹೊಟ್ಟೆ ಉರಿದುಕೊಂಡವರು ನಮ್ಮತ್ತೆ. ಊರಿಗೆ ಹೊಸದಾಗಿ ಸೊಸೆ ಬಂದರೆ, ಆ ವರ್ಷ ತೋಪಿನಲ್ಲಿ ಅವಳದೊಂದು ಗಿಡ ಇಡಬೇಕು, ಅದನ್ನು ಅವಳೇ ಬೆಳೆಸಬೇಕು ಎಂದು ಮನೆ ಮನೆಗೆ ಹೋಗಿ ಹೇಳಿ ಒಪ್ಪಿಸಿದರು. ಬೆಳಿಗ್ಗೆ ಕೆರೆಯಿಂದ ತರುವ ಮೊದಲ ಬಿಂದಿಗೆ ಗಿಡಕ್ಕೆ, ಆಮೇಲಿನದು ಮನೆಗೆ. ನಮ್ಮ ಕಡೆ ಸೊಸೆಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ತವರೂರಿನಿಂದ ಕರೆಯುವುದೇ ಹೆಚ್ಚು. ನನ್ನ ತವರು ಘಾಟಿ ಪಕ್ಕದ ಹಳ್ಳಿ, ಹಾಗಾಗಿ ನಾನು ಘಾಟಿಯವಳು. ನನ್ನ ಗಿಡ ಘಾಟಿಯವಳ ಗಿಡ. ಅದು ದೊಡ್ಡದಾಗಿ ಘಾಟಿ ಮರ ಆಯಿತು. ಮಾಲೂರು, ನಂದಗುಡಿ ಎಲ್ಲ ಹೀಗೇ. ಮನೆಗೆ ನಲ್ಲಿ ಬಂದ ಮೇಲೆ ಆ ಪದ್ಧತಿ ನಿಂತಿತು. ನೀರು ಹೊತ್ತವರಲ್ಲಿ ಬಹಳ ಜನ ಹೋದರು. ಮಂಜನ ವಯಸ್ಸಿನವರಿಗೆ ಮರದ ಹೆಸರು ಉಳಿಯಿತು, ಹೆಂಗಸರು ಮರೆತುಹೋದರು. ಆ ಹೆಸರುಗಳಿಗೆ ಅವರು ಪಾಳೇಗಾರರನ್ನು ತಂದು ಕೂರಿಸಿದರು.

“ದೊಡ್ಡಮ್ಮೋ, ಸ್ವಲ್ಪ ಸುಮ್ನಿರ್ತೀಯಾ?” ಎಂದ ಮಂಜ.

“ಯಾಕ್ಲಾ ಸುಮ್ನಿರ್ಲಿ? ನಂಗೆ ಐನೂರು ವರ್ಷ ಆಗೈತಾ? ಕೂದ್ಲು ಬೆಳ್ಳಗಾಗೈತೆ ನಿಜ, ಅಷ್ಟೊಂದಾ?”

“ನನ್ನ ಪಲ್ಲಕ್ಕೀಲಿ ತಂದ್ರಂತೆ ಕಣಕ್ಕ,” ಎಂದಳು ನಂದಗುಡಿಯವಳು. “ಎತ್ತಿನ ಗಾಡೀಲಿ ಸೊಂಟ ಮುರ್ಕೊಂಡು ಬಂದಿದ್ದು ನಂಗೇ ಗೊತ್ತು.”

ಜನ ಬಿದ್ದು ಬಿದ್ದು ನಕ್ಕರು. ಮಂಜ ಮಾತ್ರ ನಗಲಿಲ್ಲ, ಎದ್ದು ನಿಂತ.

“ನಗ್ರಿ, ಚೆನ್ನಾಗಿ ನಗ್ರಿ. ನಿಮ್ಮ ಕಾಲದ ಮರ ಅಂದ್ರೆ ಆಫೀಸರು ಗರಗಸ ಹಿಡ್ಕೊಂಡೇ ಬರ್ತಾನೆ. ಐನೂರು ವರ್ಷ ಅಂದ್ರೆ ಕೈ ಮುಗ್ದು ಹೋಗ್ತಾನೆ. ಯಾವ್ದು ಬೇಕು ಹೇಳ್ರಿ.”

ನಗು ಅಲ್ಲಿಗೇ ನಿಂತಿತು. ಅವನು ಹೇಳಿದ್ದೂ ಸುಳ್ಳಲ್ಲ ಅನ್ನಿಸಿತು. ನನ್ನ ಒಂದು ಮಾತಿಗೆ ಇಡೀ ಸಾಲು ಹೋಗಿಬಿಟ್ಟರೆ?

“ಐನೂರು ಅಂತ ನಾನು ಬರೆಯಲ್ಲ ಮಂಜಣ್ಣ,” ಎಂದರು ಮೇಡಮ್ಮೋರು.

“ಹಂಗಾದ್ರೆ ಏನೂ ಬರೀಬೇಡಿ!”

“ಆಯ್ತು. ಆದ್ರೆ ಬರೀಬೇಡಿ ಅನ್ನೋ ಮಾತನ್ನ ನೀವು ಹೇಳಬಾರದು. ನೀರು ಹೊತ್ತವರು ಹೇಳಲಿ.”

ಮಾರನೆಯ ದಿನ ಅವರು ನಮ್ಮ ಮನೆಗೆ ಬಂದರು. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವರೂ ಕೂತು ಒಂದು ಹಿಡಿ ಎತ್ತಿಕೊಂಡರು. “ಬರೀಲಾ, ಬೇಡ್ವಾ ಅಕ್ಕ?” ಎಂದರು.

ನಾನು ಬೆಳಗಿನ ತನಕ ಅದನ್ನೇ ಯೋಚಿಸಿದ್ದೆ. “ಬೇಡ ಮೇಡಮ್ಮ. ನನ್ ಹೆಸ್ರು ಇಲ್ದಿದ್ರೆ ಹೋಗ್ಲಿ, ಮರ ಇರ್ಲಿ,” ಎಂದೆ.

“ಸರಿ,” ಎಂದರು. ಅಷ್ಟೇ. ಬುದ್ಧಿ ಹೇಳಲಿಲ್ಲ, ಒತ್ತಾಯ ಮಾಡಲಿಲ್ಲ. ಮತ್ತೆ ಕಾಯಿ ಸುಲಿಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, ಊರ ಮಾತು ಆಡುವವರ ಹಾಗೆ ಕೇಳಿದರು.

“ನಿಮ್ಮ ಮಗ ಹುಟ್ಟಿದ್ದು ಗಿಡ ಇಟ್ಟ ಮೇಲೇನಾ?”

“ಹೂಂ, ಮಾರನೇ ವರ್ಷ ಬೇಸಿಗೇಲಿ.”

“ಹೆರಿಗೆಗೆ ತವರಿಗೆ ಹೋಗಿದ್ರಾ?”

“ಹೋಗ್ದೆ ಇರ್ತಾರಾ? ಏಳ್ನೇ ತಿಂಗ್ಳಲ್ಲಿ ಹೋದೋಳು ಮಗೂಗೆ ಮೂರು ತಿಂಗ್ಳು ತುಂಬಿಸ್ಕೊಂಡೇ ಬಂದಿದ್ದು.”

“ಬೇಸಿಗೆ ಪೂರ್ತಿ ಅಲ್ಲೇ. ಹಾಗಾದ್ರೆ ಗಿಡಕ್ಕೆ ನೀರು ಹಾಕ್ತಿದ್ದಿದ್ದು ಯಾರು ಅಕ್ಕ?”

ನನ್ನ ಕೈ ನಿಂತುಹೋಯಿತು. ಇಷ್ಟು ವರ್ಷ ಬದುಕಿದ್ದೇನೆ, ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದೇನೆ, ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ನಮ್ಮತ್ತೆ ಗಟ್ಟಿ ಹೆಂಗಸು. ನಗುತ್ತಿದ್ದದ್ದು ಅಪರೂಪ. ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಬಾಣಂತನ ಮುಗಿಸಿ ಬಂದಾಗ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು ಮುಖ ನೋಡಿ, “ಹೋಗು, ಗಿಡ ನೋಡ್ಕೊಂಡು ಬಾ,” ಎಂದಿದ್ದರು. ಬಂದ ಕೂಡಲೇ ಕೆಲಸಕ್ಕೆ ಹಚ್ಚುತ್ತಾರಲ್ಲ ಎಂದುಕೊಂಡು ಹೋಗಿದ್ದೆ. ಗಿಡ ನನ್ನ ಭುಜದ ಎತ್ತರ ಬಂದಿತ್ತು. ಮೇಕೆ ಬಾಯಿ ಹಾಕದ ಹಾಗೆ ಸುತ್ತ ಹೊಸ ಜಾಲಿ ಮುಳ್ಳು ಕಟ್ಟಿತ್ತು. ಬುಡದ ಮಣ್ಣು ಒದ್ದೆಯಾಗಿತ್ತು. ಅದನ್ನೆಲ್ಲ ಆವತ್ತೇ ನೋಡಿದ್ದೆ. ಆದರೆ ಅದು ಏನು ಎಂದು ತಿಳಿದದ್ದು ಈಗ, ಜಗಲಿಯ ಮೇಲೆ, ಅವರೆಕಾಯಿ ಕೈಯಲ್ಲಿ ಹಿಡಿದುಕೊಂಡು. ಆ ಬೇಸಿಗೆಯಲ್ಲಿ ಕೆರೆಯ ನೀರು ನಟ್ಟನಡುವಿಗೆ ಇಳಿದಿತ್ತು. ಅಲ್ಲಿಗೆ ಹೋಗಬೇಕೆಂದರೆ ಮೊಣಕಾಲಿನವರೆಗೆ ಕೆಸರು ತುಳಿಯಬೇಕು. ಅತ್ತೆಗೆ ಮಂಡಿ ನೋವು. ಆ ಮಂಡಿಯಲ್ಲಿ ಕೆಸರು ತುಳಿದು, ಬಿಂದಿಗೆ ಹೊತ್ತು, ದಿನಾ ನನ್ನ ಗಿಡಕ್ಕೆ ನೀರು ಹಾಕಿ, ನನಗೆ ಒಂದು ಮಾತನ್ನೂ ಹೇಳದೆ ಇದ್ದರು. ಗಿಡ ನೋಡಿಕೊಂಡು ಬಾ ಎಂದದ್ದು ಕೆಲಸಕ್ಕಲ್ಲ. ನೀನು ನನ್ನ ಕೈಗೆ ಮಗು ಕೊಟ್ಟೆ, ಹೋಗಿ ನಿನ್ನದನ್ನು ನೋಡು ಎಂದು.

ನಾನು ಅತ್ತು ಮುಗಿಸುವ ತನಕ ಮೇಡಮ್ಮೋರು ಸುಲಿದ ಕಾಳು ನನ್ನ ಮೊರಕ್ಕೆ ಬೀಳುತ್ತಲೇ ಇತ್ತು.

“ಬರೀರಿ ಮೇಡಮ್ಮ,” ಎಂದೆ.

“ಮರ ಹೋದ್ರೆ?”

“ಬರೀದೆ ಇದ್ರೆ ನಮ್ಮತ್ತೇನೇ ಹೋಗ್ತಾರೆ. ಅವ್ರು ಮಾಡಿದ್ದನ್ನ ಯಾವನೋ ಪಾಳೇಗಾರನಿಗೆ ಕೊಡಾಕೆ ನಾನ್ಯಾರು? ಬರೀರಿ.”

ಆಮೇಲೆ ಅವರು ಮನೆ ಮನೆಗೆ ಹೋದರು. ನಮ್ಮ ಚೈತ್ರ ಆಗ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದಳು. ದಾರಿ ತೋರಿಸುತ್ತೇನೆ ಎಂದು ಅವರ ಜೊತೆ ಹೋದವಳು ಇವತ್ತಿನವರೆಗೂ ವಾಪಸ್ಸು ಬಂದಿಲ್ಲ ಅನ್ನಿ. ಯಾವ ಮರ ಯಾವ ಮನೆಯ ಸೊಸೆಯದು, ಅವಳಿಗೆ ಹುಷಾರಿಲ್ಲದಾಗ ನೀರು ಹಾಕಿದ್ದು ಯಾರು, ಮುಳ್ಳು ತಂದುಕೊಟ್ಟವರು ಯಾರು, ಎಲ್ಲ ಬಂತು. ಜಗಳವೂ ಬಂತು. ಒಂದೇ ಹುಣಸೆಗೆ ಎರಡು ಮನೆಯವರು ಗುದ್ದಾಡಿದರು. ಮೇಡಮ್ಮೋರು ಎರಡನ್ನೂ ಬರೆದರು. “ಇಬ್ಬರೂ ಹಾಕಿರಬಹುದು, ಅದಕ್ಕೇ ಅಷ್ಟು ದಪ್ಪ ಆಗಿದೆ,” ಎಂದರು.

ಆಫೀಸರು ನೋಡಲು ಬರುವ ದಿನ ಮೇಡಮ್ಮೋರು ನಮಗೆ ಹೇಳಿದ್ದು ಒಂದೇ ಮಾತು. “ನಿಮ್ಮ ನಿಮ್ಮ ಮರದ ಹತ್ತಿರ ನಿಂತ್ಕೊಳ್ಳಿ.” ಇದ್ದವರು ನಿಂತೆವು. ಹೋದವರ ಮರದ ಕೆಳಗೆ ಅವರ ಸೊಸೆಯೋ ಮಗಳೋ ನಿಂತರು. ಮಾಲೂರು ಮರದ ಕೆಳಗೆ ಮಾಲೂರಿನವಳ ಮಗಳು ಬೆಂಗಳೂರಿನಿಂದ ರಜ ಹಾಕಿ ಬಂದು ನಿಂತಿದ್ದಳು. ಮಂಜ ಕೈ ಕಟ್ಟಿಕೊಂಡು ದೂರದಲ್ಲಿ ನಿಂತಿದ್ದ. ಅವನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಆಫೀಸರು ಜೀಪಿನಿಂದ ಇಳಿಯುತ್ತಲೇ ನಕ್ಕರು. “ಎಷ್ಟು ವರ್ಷದ್ದಮ್ಮ ಇದು? ಐನೂರಾ? ಈ ರೋಡಲ್ಲಿ ಎಲ್ಲಾ ಊರಲ್ಲೂ ಐನೂರೇ. ಕೇಳಿ ಕೇಳಿ ಸಾಕಾಗಿದೆ.”

ಮೇಡಮ್ಮೋರು ಛತ್ರಿಯ ತುದಿಯನ್ನು ನನ್ನ ಕಡೆ ತೋರಿಸಿದರು.

“ಐನೂರಲ್ಲ ಸ್ವಾಮಿ,” ಎಂದೆ. “ನನ್ ದೊಡ್ಡ ಮಗನಿಗಿಂತ ಒಂದು ವರ್ಷ ದೊಡ್ಡದು.”

“ನೀವೇ ನೆಟ್ಟಿದ್ದಾ ಅಜ್ಜಿ?”

“ನೆಟ್ಟಿದ್ದು ನಮ್ಮತ್ತೆ. ನೀರು ಹೊತ್ತಿದ್ದು ನಾನು. ನಾನಿಲ್ದಾಗ ಅವ್ರೇ.”

ಆಫೀಸರು ಪಕ್ಕದ ಮರಕ್ಕೆ ಹೋದರು. ಅಲ್ಲಿಯೂ ಒಬ್ಬಳು. ಅದರ ಪಕ್ಕ ಇನ್ನೊಬ್ಬಳು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಅವರ ನಗು ನಿಂತಿತ್ತು. ಅಲ್ಲೇ ನಿಂತು ಹಿಂತಿರುಗಿ ಇಡೀ ಸಾಲನ್ನು ನೋಡಿದರು. ಆಮೇಲೆ ಟೇಪು ಹಿಡಿದಿದ್ದವನನ್ನು ಕರೆದು, “ಆ ಕಡೆಯಿಂದ ಅಳತೆ ಮಾಡು ನೋಡೋಣ,” ಎಂದು ರಸ್ತೆಯ ಆಚೆ ಬದಿಯ ಬೀಳು ಜಾಗ ತೋರಿಸಿದರು.

ರಸ್ತೆ ಆಚೆಗೆ ಸರಿಯಿತು. ಪೂರ್ತಿ ಗೆದ್ದೆವು ಎಂದು ಬರೆದರೆ ಮೇಡಮ್ಮೋರು ಒಪ್ಪುವುದಿಲ್ಲ. ತಿರುವಿನಲ್ಲಿ ಎರಡು ಮರ ಬಿಟ್ಟುಕೊಡಬೇಕಾಯಿತು. ಅದರಲ್ಲಿ ಒಂದು ನಂದಗುಡಿ ಮರ.

ಕಡಿಯುವ ದಿನ ನಂದಗುಡಿಯವಳು ಮನೆಯಲ್ಲಿ ಇರಲಾರದೆ ಬಂದು ರಸ್ತೆ ಬದಿಯಲ್ಲಿ ಕೂತಳು. “ನನ್ನದೇ ಹೋಗ್ಬೇಕಿತ್ತಾ?” ಎಂದು ಒಂದೇ ಮಾತು. ನಾವು ಏನೇನೋ ಸಮಾಧಾನ ಹೇಳಿದೆವು. ಮೇಡಮ್ಮೋರು ಅವಳ ಪಕ್ಕ ನೆಲದ ಮೇಲೆ ಕೂತು, ಬಿಸಿಲು ಅವಳ ಮೇಲೆ ಬೀಳದ ಹಾಗೆ ಛತ್ರಿ ಹಿಡಿದರು. ಮರ ಉರುಳಿ, ಕೊಂಬೆ ಕಡಿದು, ಲಾರಿ ಹೋಗುವ ತನಕ ಹಿಡಿದೇ ಇದ್ದರು. ಆಮೇಲೆ, “ಈಗ ಹೇಳಿ, ಗಿಡ ತಂದಿದ್ದು ಯಾವ ಊರಿಂದ?” ಎಂದು ಕೇಳಿದರು. ಅವಳು ಹೇಳಿದಳು. ಆ ದನಿ ಈಗ ಹೊಸಕೋಟೆಯ ಗೋಡೆಯಲ್ಲಿದೆ. ಅದರ ಕೆಳಗೆ ಹೀಗೆ ಬರೆದಿದೆ: ನಂದಗುಡಿ ಮರ ಈಗ ಇಲ್ಲ. ನೀರು ಹೊತ್ತವರು ಇದ್ದಾರೆ.

ನಮ್ಮತ್ತೆಯ ಹೆಸರೂ ಅದೇ ಗೋಡೆಯಲ್ಲಿದೆ. ಅವರದೊಂದು ಫೋಟೋ ಕೂಡ ತೆಗೆಸಿರಲಿಲ್ಲ, ಹಾಗಾಗಿ ಆ ಜಾಗದಲ್ಲಿ ತೋಪಿನ ಫೋಟೋ ಇದೆ. ಅದು ಅವರ ಮುಖದ ಹಾಗೇ ಇದೆ, ಗಂಭೀರವಾಗಿ.

ಹೋದ ಭಾನುವಾರ ಬೆಂಗಳೂರಿನ ಕಾಲೇಜೊಂದರ ಮಕ್ಕಳು ತೋಪು ನೋಡಲು ಬಂದಿದ್ದರು. ಈಗ ಅವರ ಜೊತೆ ಮುಂದೆ ಮುಂದೆ ಓಡಾಡುವವನು ಮಂಜನೇ. ಪಾಳೇಗಾರರನ್ನು ಬಿಟ್ಟು ಬಹಳ ದಿನವಾಯಿತು. ನನ್ನನ್ನು ಮರದ ಕೆಳಗೆ ನಿಲ್ಲಿಸಿ, ಎದೆ ಉಬ್ಬಿಸಿಕೊಂಡು ಶುರು ಮಾಡಿದ.

“ನೋಡಿ ಮಕ್ಕಳೇ, ನಮ್ಮ ದೊಡ್ಡಮ್ಮ! ದಿನಕ್ಕೆ ನೂರು ಬಿಂದಿಗೆ ನೀರು ಹೊತ್ತು ಬೆಳ್ಸಿರೋ ಮರ!”

ಮಕ್ಕಳು ಚಪ್ಪಾಳೆ ತಟ್ಟಿದರು. ಕೇಳಲು ಚೆನ್ನಾಗಿಯೇ ಇತ್ತು, ನಾನೂ ಸುಮ್ಮನೆ ನಿಂತಿದ್ದೆ. ಮೇಡಮ್ಮೋರು ಕಟ್ಟೆಯ ಮೇಲೆ ಕೂತಿದ್ದರು. ಈಗ ಬೈಗುಳ ಬರುತ್ತದೆ ಎಂದು ಓರೆಗಣ್ಣಿನಲ್ಲಿ ಅವರ ಕಡೆ ನೋಡಿದೆ. ದನಿ ಬಂದದ್ದು ಮಕ್ಕಳ ಹಿಂದಿನಿಂದ.

“ಚಿಕ್ಕಪ್ಪಾ, ನೂರು ಬಿಂದಿಗೆ ಅಂತ ಯಾರು ಹೇಳಿದ್ದು?”

ಚೈತ್ರ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು.

“ಒಂದ್ ಮಾತಿಗೆ ಹೇಳ್ದೆ ಕಣಮ್ಮ.”

“ಮಾತಿಗೆ ಯಾಕೆ ಹೇಳ್ತೀರಾ? ನೂರು ಅಂದ್ರೆ ಈ ಮಕ್ಕಳು ಅದನ್ನೇ ಬರ್ಕೊಂಡು ಹೋಗ್ತಾರೆ. ಅಜ್ಜಿ, ನೀನ್ಯಾಕೆ ಸುಮ್ನೆ ನಿಂತಿದ್ದೀಯಾ? ದಿನಕ್ಕೆ ಎಷ್ಟು?”

ಅಷ್ಟು ಜನರ ಎದುರಿಗೆ, ಸ್ವಂತ ಅಜ್ಜಿಯನ್ನು!

“ಒಂದೇ ಕಣವ್ವ,” ಎಂದೆ. “ಬಿಸ್ಲು ಜಾಸ್ತಿ ಆದ್ರೆ ಎರಡು.”

“ಬರ್ಕೊಳ್ಳಿ,” ಎಂದಳು ಆ ಮಕ್ಕಳಿಗೆ. “ಒಂದು ಬಿಂದಿಗೆ. ಆದ್ರೆ ದಿನಾ.”

ಮಂಜ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. “ಅಯ್ಯೋ ಗುರುವೇ, ಮೇಡಮ್ಮೋರು ಹೋಗ್ತಾರೆ ಅಂತ ಆರಾಮಾಗಿದ್ನಲ್ಲಪ್ಪೋ!”

ಮಕ್ಕಳು ಹೋ ಎಂದು ನಕ್ಕರು. ನನಗೆ ನಗುವೋ ಅಳುವೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೆ ಬಂತು. ನಾನು ಹೋಗಿ ಕಟ್ಟೆಯ ಮೇಲೆ ಮೇಡಮ್ಮೋರ ಪಕ್ಕ ಕೂತೆ. “ಕೇಳಿಸ್ಕೊಂಡ್ರಾ?” ಎಂದೆ.

“ಏನು?” ಎಂದರು.

ಅವರು ಕಣ್ಣು ಮುಚ್ಚಿಕೊಂಡು ಮರಕ್ಕೆ ಒರಗಿದ್ದರು, ಕಾಲು ಚಾಚಿದ್ದರು, ಚಪ್ಪಲಿ ಬಿಟ್ಟಿದ್ದರು. ಯಾರ ಮಾತನ್ನೂ ಅರ್ಧಕ್ಕೆ ಬಿಡದೆ ಇಷ್ಟು ವರ್ಷ ಕೇಳಿಸಿಕೊಂಡ ಆ ಹೆಂಗಸು, ಆವತ್ತು ಒಂದು ಮಾತನ್ನೂ ಕೇಳಿಸಿಕೊಳ್ಳದೆ ನೆರಳಿನಲ್ಲಿ ಕೂತಿದ್ದರು.